ಮದ್ರಸದಲ್ಲಿ ಕಾಲು, ಶಾಲೆಯಲ್ಲಿ ಕಾಲು. ಉಳಿದರ್ಧ ಹೇಳುವವರು ಯಾರು?

ನಮ್ಮ ಮನೆಗಳಲ್ಲಿ ಹೆಣ್ಣುಮಗುವಿಗೆ ಹನ್ನೆರಡೋ ಹದಿಮೂರೋ ಆಗುವಾಗ ಉಮ್ಮನ ಬಾಯಿಂದ ಬರುವ ಮಾತು ಮೂರೋ ನಾಲ್ಕೋ. 'ಇನ್ನು ನೀನು ದೊಡ್ಡವಳಾದಿ', 'ಶಾಲು ಸರಿ ಹಾಕು', 'ಹುಡುಗರೊಟ್ಟಿಗೆ ಮಾತು ಬೇಡ', 'ನಮಾಝ್ ಬಿಟ್ಟ ದಿನದ ಲೆಕ್ಕ ಇಟ್ಟುಕೋ'. ಗಂಡುಮಕ್ಕಳಿಗೆ ಅಷ್ಟೂ ಇಲ್ಲ. ಸ್ವರ ಒಡೆದದ್ದನ್ನು ನೋಡಿ ಬಾಪ ಸ್ವಲ್ಪ ನಗಾಡಿದರೆ ಅಲ್ಲಿಗೆ ಪಾಠ ಮುಗಿಯಿತು. ಮುಂದೆ ಆರೇಳು ವರ್ಷ ಕಳೆದು ಹುಡುಗಿಗೆ ಮದುವೆ ಗೊತ್ತಾಗುತ್ತದೆ. ಮದುವೆಯಾಗಿ ಎರಡನೇ ತಿಂಗಳಿಗೆ 'ವಿಶೇಷ ಎಂಥದಾದ್ರೂ ಉಂಟಾ?' ಎಂಬ ಪ್ರಶ್ನೆ ಶುರು. ಗರ್ಭ ಹೇಗೆ ನಿಲ್ಲುತ್ತದೆ, ಯಾವಾಗ ನಿಲ್ಲುತ್ತದೆ, ಬೇಕಾದಾಗ ಹೇಗೆ ಮುಂದೂಡಬಹುದು ಎಂದು ಒಂದು ದಿನವೂ ಯಾರೂ ಹೇಳಿಕೊಡದ ಹುಡುಗಿಯಿಂದ ನಾವು ಎರಡೇ ತಿಂಗಳಲ್ಲಿ ಫಲಿತಾಂಶ ಕೇಳುತ್ತೇವೆ.

'ಅದೆಲ್ಲ ಮದುವೆಯಾದ ಮೇಲೆ ತನ್ನಿಂದ ತಾನೇ ಗೊತ್ತಾಗ್ತದೆ' ಎನ್ನುವವರು ನಮ್ಮಲ್ಲಿ ಬಹಳ ಜನ. ಈಗಿನ ಮಕ್ಕಳಿಗೆ ಮದುವೆಗೆ ಮೊದಲೇ ಗೊತ್ತಾಗುತ್ತದೆ ಮಾರಾಯ್ರೆ, ಆದರೆ ಕೈಯಲ್ಲಿರುವ ಮೊಬೈಲಿನಿಂದ. ಅಲ್ಲಿ ಸಿಗುವುದರಲ್ಲಿ ಸರಿ ಎಷ್ಟು, ತಪ್ಪು ಎಷ್ಟು ಎಂದು ಹೇಳುವವರು ಯಾರೂ ಪಕ್ಕದಲ್ಲಿ ಇರುವುದಿಲ್ಲ. ಹಾಗಾಗಿ ಹೇಳಬೇಕೋ ಬೇಡವೋ ಎಂಬ ಚರ್ಚೆಯ ಕಾಲ ದಾಟಿದೆ. ಯಾರು ಹೇಳಬೇಕು, ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬುದಷ್ಟೇ ಈಗ ಉಳಿದಿರುವುದು.

ಮದ್ರಸದ ಲೆಕ್ಕ

ನಿಜ ಹೇಳುವುದಾದರೆ ನಮ್ಮ ಮಕ್ಕಳಿಗೆ ಈ ವಿಷಯದಲ್ಲಿ ಮೊದಲ ಪಾಠ ಸಿಗುವುದು ಮದ್ರಸದಲ್ಲಿ. ಫಿಕ್ಹ್ ಕಿತಾಬಿನಲ್ಲಿ ಶುದ್ಧಿಯ ಅಧ್ಯಾಯ ಬರುವಾಗ ಬಾಲಿಗ್ ಆಗುವುದು, ಜನಾಬತ್, ಹೈಳ್, ನಿಫಾಸ್ ಎಲ್ಲ ಬರುತ್ತದೆ. ಶಾಫಿಈ ಮದ್‌ಹಬಿನ ಪ್ರಕಾರ ಹೈಳ್‌ನ ಕನಿಷ್ಠ ಅವಧಿ ಒಂದು ಹಗಲು ಒಂದು ರಾತ್ರಿ, ಗರಿಷ್ಠ 15 ದಿನ, ಸಾಧಾರಣವಾಗಿ ಆರೇಳು ದಿನ. ಎರಡು ಹೈಳ್‌ಗಳ ನಡುವೆ ಕನಿಷ್ಠ 15 ದಿನ ಶುದ್ಧಿ ಇರಬೇಕು. ಇದನ್ನು ನಮ್ಮ ಹೆಣ್ಣುಮಕ್ಕಳು ಬಾಯಿಪಾಠ ಹೇಳುತ್ತಾರೆ. ಇಷ್ಟು ಮುಕ್ತವಾಗಿ, ನಾಚಿಕೆ ಇಲ್ಲದೆ ಮುಟ್ಟಿನ ವಿಷಯವನ್ನು ಪರೀಕ್ಷೆಗೆ ಇಡುವ ಶಿಕ್ಷಣ ಕ್ರಮ ಬೇರೆ ಎಲ್ಲಿ ಉಂಟು?

ಆದರೆ ಆ ಪಾಠ ನಮಾಝ್, ನೋಂಬುಗಳ ಲೆಕ್ಕದಲ್ಲಿ ನಿಂತುಬಿಡುತ್ತದೆ. ರಕ್ತ ಎಲ್ಲಿಂದ ಬರುತ್ತದೆ, ಏಕೆ ಬರುತ್ತದೆ, ತಿಂಗಳು ತಪ್ಪಿದರೆ ಏನರ್ಥ ಎಂಬುದು ಕಿತಾಬಿನ ಹೊರಗೆ ಉಳಿಯುತ್ತದೆ. ಅದೇ ಲೆಕ್ಕವನ್ನು ಸ್ವಲ್ಪ ಮುಂದುವರಿಸಿದರೆ ಸಾಕು. ಹೆರಿಗೆ ಡಾಕ್ಟರ ಬಳಿ ಹೋದರೆ ಅವರು ಮೊದಲು ಕೇಳುವುದು 'ಕಳೆದ ಸಲ ಮುಟ್ಟಾದ ಮೊದಲ ದಿನ ಯಾವುದು?' ಎಂದೇ. ಗರ್ಭದ 40 ವಾರಗಳ ಲೆಕ್ಕ ಶುರುವಾಗುವುದು ಆ ದಿನದಿಂದ. ನಮಾಝಿಗಾಗಿ ದಿನ ಲೆಕ್ಕ ಇಡಲು ಕಲಿತ ಹುಡುಗಿಗೆ ಆರೋಗ್ಯಕ್ಕಾಗಿ ಲೆಕ್ಕ ಇಡುವುದು ಹೊಸ ಕೆಲಸ ಏನಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕಿ ಇಟ್ಟರಾಯಿತು.

ಕೇಳುವುದಕ್ಕೆ ನಾಚಿಕೆ ಎನ್ನುವವರಿಗೆ ಉಸ್ತಾದರೇ ಒಂದು ಸಂಗತಿ ಹೇಳುತ್ತಾರೆ. ಉಮ್ಮು ಸುಲೈಮ್ ಬೀವಿಯವರು ಪ್ರವಾದಿಯವರ ಬಳಿಗೆ ಬಂದು ಹೆಂಗಸರ ಸ್ನಾನ ಕಡ್ಡಾಯವಾಗುವ ಬಗ್ಗೆ ನೇರವಾಗಿಯೇ ಕೇಳಿದ್ದರು. ಕಲಿಯುವುದಕ್ಕೆ ನಾಚಿಕೆಯನ್ನು ಅಡ್ಡ ಬರಲು ಬಿಡದ ಅನ್ಸಾರಿ ಮಹಿಳೆಯರನ್ನು ಆಯಿಶಾ ಬೀವಿಯವರು ಹೊಗಳಿದ್ದೂ ಹದೀಸ್ ಗ್ರಂಥಗಳಲ್ಲಿದೆ. ಮತ್ತೆ ನಮಗೆ ಮಾತ್ರ ಏಕೆ ಇಷ್ಟು ಸಂಕೋಚ?

ಶಾಲೆಯಲ್ಲಿ ದಾಟಿ ಹೋಗುವ ಪಾಠ

ಎಸೆಸೆಲ್ಸಿ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠ ಉಂಟು. ಗಂಡು-ಹೆಣ್ಣಿನ ಅಂಗಾಂಗಗಳ ಚಿತ್ರ, ಫಲೀಕರಣ, ಗರ್ಭನಿರೋಧಕ ವಿಧಾನಗಳು ಎಲ್ಲವೂ ಅದರಲ್ಲಿ ಬರುತ್ತವೆ. ಆದರೆ ಅನೇಕ ಕಡೆ ಆ ಪಾಠ ಬರುವಾಗ ಟೀಚರಿಗೂ ಕಷ್ಟ, ಮಕ್ಕಳಿಗೂ ಕಷ್ಟ. 'ಮನೆಯಲ್ಲಿ ಓದಿಕೊಳ್ಳಿ' ಎಂದು ಹೂವಿನ ಪರಾಗಸ್ಪರ್ಶದ ಚಿತ್ರಕ್ಕೆ ಹೆಚ್ಚು ಒತ್ತು ಕೊಟ್ಟು ಮುಗಿಸುವುದುಂಟು. 2007ರಲ್ಲಿ ಕೇಂದ್ರದ ಹದಿಹರೆಯ ಶಿಕ್ಷಣ ಕಾರ್ಯಕ್ರಮಕ್ಕೆ ವಿರೋಧ ಬಂದಾಗ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಆ ಗಲಾಟೆಯ ಹೆದರಿಕೆ ಈಗಲೂ ಪೂರ್ತಿ ಹೋಗಿಲ್ಲ.

ಆಮೇಲೆ 2014ರ ಜನವರಿಯಲ್ಲಿ ಕೇಂದ್ರ ಸರಕಾರ 10ರಿಂದ 19 ವರ್ಷದ ಮಕ್ಕಳಿಗಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರು ಮಾಡಿತು. ನಮ್ಮ ರಾಜ್ಯದ ಸರಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಎಂದು ಬೋರ್ಡ್ ಇರುವುದು ಇದೇ ಮಕ್ಕಳಿಗಾಗಿ. ಮುಟ್ಟಿನ ತೊಂದರೆ, ರಕ್ತಹೀನತೆ, ದೇಹದ ಬದಲಾವಣೆ, ಮನಸ್ಸಿನ ಬೇಸರ, ಯಾವುದಕ್ಕೂ ಅಲ್ಲಿ ಹೋಗಿ ಗುಟ್ಟಾಗಿ ಮಾತಾಡಬಹುದು, ಹಣ ಕೊಡಲಿಕ್ಕಿಲ್ಲ. ಬೋರ್ಡ್ ನೋಡಿದವರು ಬಹಳ ಜನ, ಒಳಗೆ ಹೋದವರು ಕಡಿಮೆ.

ಯಾವ ವಯಸ್ಸಿಗೆ ಎಷ್ಟು?

ಹತ್ತು-ಹನ್ನೊಂದು ವರ್ಷಕ್ಕೆ ಹೆಣ್ಣುಮಗುವಿಗೆ ಮುಟ್ಟು ಅಂದರೆ ಏನೆಂದು ಹೇಳಿರಬೇಕು. ಮೊದಲ ಸಲ ರಕ್ತ ನೋಡಿ ತನಗೆ ಏನೋ ರೋಗ ಬಂತು ಎಂದು ಹೆದರಿ ಅಳುವ ಸ್ಥಿತಿ ಯಾವ ಮಗುವಿಗೂ ಬರಬಾರದು. ಮೊದಲ ಎರಡು-ಮೂರು ವರ್ಷ ದಿನ ಹಿಂದೆ ಮುಂದೆ ಆಗುವುದು ಸಹಜ. 21 ದಿನಕ್ಕೂ ಆಗಬಹುದು, 45 ದಿನಕ್ಕೂ ಆಗಬಹುದು. ಹದಿನೈದು ತುಂಬಿದರೂ ಮುಟ್ಟಾಗದಿದ್ದರೆ, ಏಳು ದಿನ ದಾಟಿದರೂ ರಕ್ತ ನಿಲ್ಲದಿದ್ದರೆ, ಮೂರು ತಿಂಗಳು ಬಾರದೇ ಇದ್ದರೆ, ನೋವಿನಿಂದ ಶಾಲೆಗೆ ಹೋಗಲಿಕ್ಕೇ ಆಗದಿದ್ದರೆ ಡಾಕ್ಟರ ಬಳಿ ಹೋಗಬೇಕು. 'ಮದುವೆಯಾದ್ರೆ ಸರಿ ಆಗ್ತದೆ' ಎಂಬುದು ಮದ್ದಲ್ಲ.

ಹದಿನಾಲ್ಕು-ಹದಿನೈದಕ್ಕೆ, ಹೆಣ್ಣಿಗೂ ಗಂಡಿಗೂ, ಗರ್ಭ ಹೇಗೆ ನಿಲ್ಲುತ್ತದೆ ಎಂಬುದು ಗೊತ್ತಿರಬೇಕು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಾಶಯದಿಂದ ಒಂದು ಅಂಡಾಣು ಹೊರಗೆ ಬರುತ್ತದೆ. ಅದು ಬದುಕುವುದು ಹೆಚ್ಚೆಂದರೆ ಒಂದು ದಿನ. ಗಂಡಿನ ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದ ತನಕ ಬದುಕಬಲ್ಲದು. ಹಾಗಾಗಿ ತಿಂಗಳಲ್ಲಿ ಸುಮಾರು ಆರು ದಿನ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ. ಆದರೆ ಹದಿಹರೆಯದಲ್ಲಿ ಮುಟ್ಟಿನ ದಿನ ನಿಶ್ಚಿತ ಇಲ್ಲದ ಕಾರಣ ಆ ಆರು ದಿನ ಯಾವುದೆಂದು ಹೇಳಲಿಕ್ಕೆ ಬರುವುದಿಲ್ಲ. 'ಒಂದು ಸಲಕ್ಕೆ ಎಂಥದೂ ಆಗೋದಿಲ್ಲ' ಎಂಬ ಮಾತು ಶುದ್ಧ ಸುಳ್ಳು.

ಗಂಡುಮಕ್ಕಳಿಗೆ ಇನ್ನೂ ಎರಡು ಮಾತು ಬೇಕು. ಹುಟ್ಟುವ ಮಗು ಹೆಣ್ಣೋ ಗಂಡೋ ಎಂದು ತೀರ್ಮಾನ ಆಗುವುದು ತಂದೆಯ ವೀರ್ಯಾಣುವಿನಿಂದ, ತಾಯಿಯಿಂದ ಅಲ್ಲ. ಹೆಣ್ಣು ಹೆತ್ತಳೆಂದು ಹೆಂಡತಿಗೆ ಹೇಳುವ ಮಾತಿಗೆ ಅರ್ಥವೇ ಇಲ್ಲ ಎಂದು ಅವನಿಗೆ ಹದಿನೈದರಲ್ಲೇ ಗೊತ್ತಿರಲಿ. ಎರಡನೆಯದು, ಬೀಡಿ-ಸಿಗರೇಟು, ಗುಟ್ಕಾ ವೀರ್ಯಾಣುವಿನ ಸಂಖ್ಯೆ, ಶಕ್ತಿ ಎರಡನ್ನೂ ಕಡಿಮೆ ಮಾಡುತ್ತವೆ. ಜಿಮ್ಮಿನಲ್ಲಿ ಬೇಗ ಮೈ ಕಟ್ಟಲಿಕ್ಕೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಹುದು. ಹೊರಗಿನ ಮೈಕಟ್ಟಿಗೂ ಮಕ್ಕಳಾಗುವ ಶಕ್ತಿಗೂ ಸಂಬಂಧ ಇಲ್ಲ.

ಹದಿನೆಂಟು ಎಂಬ ಗೆರೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ 23.3 ಶೇಕಡ ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆ ಆಗಿತ್ತು. ಕರ್ನಾಟಕದಲ್ಲಿಯೂ ಐದರಲ್ಲಿ ಒಬ್ಬರಿಗೆ. ಸಮೀಕ್ಷೆಯ ಹೊತ್ತಿಗೆ 15ರಿಂದ 19 ವರ್ಷದ ಹುಡುಗಿಯರಲ್ಲಿ 6.8 ಶೇಕಡ ಮಂದಿ ಆಗಲೇ ತಾಯಿಯಾಗಿದ್ದರು ಅಥವಾ ಗರ್ಭಿಣಿಯಾಗಿದ್ದರು. ಇದು ಒಂದು ಜಾತಿ, ಒಂದು ಧರ್ಮದ ಲೆಕ್ಕ ಅಲ್ಲ, ಎಲ್ಲರದ್ದೂ ಸೇರಿ. ಆದರೆ ನಮ್ಮ ಮನೆಗಳೂ ಅದರೊಳಗೇ ಇವೆ.

ಬಾಲಿಗ್ ಆಗುವುದು ಬೇರೆ, ಹೆರಲಿಕ್ಕೆ ದೇಹ ತಯಾರಾಗುವುದು ಬೇರೆ. ಮುಟ್ಟು ಶುರುವಾದ ಮೇಲೂ ಹುಡುಗಿಯ ಸೊಂಟದ ಎಲುಬು ಬೆಳೆಯುತ್ತಾ ಇರುತ್ತದೆ. ಇಪ್ಪತ್ತರ ಒಳಗಿನ ತಾಯಂದಿರಿಗೆ ಗರ್ಭದ ನಂಜು, ಹೆರಿಗೆಯ ನಂತರದ ಸೋಂಕು ಹೆಚ್ಚು. ಅವರ ಮಕ್ಕಳು ದಿನ ತುಂಬುವ ಮೊದಲೇ, ಕಡಿಮೆ ತೂಕದಲ್ಲಿ ಹುಟ್ಟುವ ಸಂಭವವೂ ಹೆಚ್ಚು. ಅದರ ಮೇಲೆ ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ದೇಶದ 15-19ರ ಹುಡುಗಿಯರಲ್ಲಿ 59.1 ಶೇಕಡ ಮಂದಿಗೆ ರಕ್ತ ಕಡಿಮೆ ಇತ್ತು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ಕಬ್ಬಿಣಾಂಶದ್ದು. ಅದನ್ನು ಬ್ಯಾಗಿನಲ್ಲಿ ಇಟ್ಟು ತಂದು ಬಿಸಾಡುವ ಮಕ್ಕಳಿಗೆ ಅದು ಏಕೆ ಬೇಕೆಂದು ಮನೆಯಲ್ಲಿ ಹೇಳಬೇಕು.

ಕಾನೂನಿನ ಮಾತು ಕೂಡ ಸ್ಪಷ್ಟ ಉಂಟು. ಹುಡುಗಿಗೆ 18, ಹುಡುಗನಿಗೆ 21. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹದಿನೆಂಟರ ಒಳಗಿನ ಹೆಂಡತಿಯ ಜೊತೆ ದೈಹಿಕ ಸಂಬಂಧವೂ ಅತ್ಯಾಚಾರವೇ ಎಂದು ತೀರ್ಪು ಕೊಟ್ಟಿತು. ಹದಿನೇಳರ ಹುಡುಗಿ ಹೆರಿಗೆಗೆಂದು ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಸುವುದು ಡಾಕ್ಟರ ಕಾನೂನು ಕರ್ತವ್ಯ. ಆಗ ಜೈಲಿಗೆ ಹೋಗುವುದು ಅಳಿಯ, ಕೋರ್ಟಿಗೆ ಅಲೆಯುವುದು ಎರಡೂ ಮನೆಯವರು. 'ಒಳ್ಳೆ ಸಂಬಂಧ ಕೈ ತಪ್ಪುತ್ತದೆ' ಎಂದು ಅವಸರ ಮಾಡುವ ಮೊದಲು ಇದನ್ನು ಯೋಚಿಸಬೇಕು.

'ವಿಶೇಷ' ಕೇಳುವವರಿಗೆ ಒಂದು ಲೆಕ್ಕ

ನಮ್ಮ ಊರಿನಲ್ಲಿ ಗಂಡ ಗಲ್ಫಿನಲ್ಲಿ ಇರುವ ಮನೆಗಳು ಎಷ್ಟೋ. ಮದುವೆಯಾಗಿ ಎರಡು ತಿಂಗಳು ಇದ್ದು ಹೋಗುತ್ತಾನೆ. ಮತ್ತೆ ಬರುವುದು ವರ್ಷ ಕಳೆದು, ಇನ್ನೆರಡು ತಿಂಗಳಿಗೆ. ಹೀಗೆ ಮೂರು ಸಲ ಬಂದು ಹೋದಾಗ ಮನೆಯವರು 'ಮೂರು ವರ್ಷ ಆಯ್ತು, ಇನ್ನೂ ಮಕ್ಕಳಾಗಲಿಲ್ಲ' ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ, ಅವರು ಒಟ್ಟಿಗೆ ಇದ್ದದ್ದು ಆರು ತಿಂಗಳು. ಆರೋಗ್ಯವಂತ ಯುವ ಜೋಡಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನಾಲ್ಕರಲ್ಲಿ ಅಥವಾ ಐದರಲ್ಲಿ ಒಂದು ಪಾಲು ಮಾತ್ರ. ಅಂದರೆ ಎರಡು ತಿಂಗಳ ರಜೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜೋಡಿಗಳಿಗೆ ಗರ್ಭ ನಿಲ್ಲುವುದಿಲ್ಲ, ಅದರಲ್ಲಿ ತೊಂದರೆ ಎಂಥದೂ ಇಲ್ಲ. ವೈದ್ಯರು ಬಂಜೆತನದ ತಪಾಸಣೆ ಹೇಳುವುದು ಸಾಧಾರಣವಾಗಿ ಒಂದು ವರ್ಷ ಒಟ್ಟಿಗೆ ಇದ್ದು ಪ್ರಯತ್ನಿಸಿದ ಮೇಲೆ, ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳ ಮೇಲೆ.

ತಪಾಸಣೆ ಬೇಕಾದರೂ ಅದು ಇಬ್ಬರಿಗೂ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಿನ ಕಾರಣವೂ ಸೇರಿರುತ್ತದೆ. ಗಂಡಸಿನ ವೀರ್ಯ ಪರೀಕ್ಷೆ ಸುಲಭ, ಖರ್ಚು ಕಡಿಮೆ, ನೋವಿಲ್ಲ. ಹಾಗಿದ್ದರೂ ನಮ್ಮಲ್ಲಿ ಹುಡುಗಿಯನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ನಾಟಿ ಮದ್ದಿಗೆ ಸುತ್ತಿಸಿದ ಮೇಲೆ ಕೊನೆಗೆ ಹುಡುಗನ ಸರದಿ ಬರುತ್ತದೆ. ಈ ಒಂದು ವಿಷಯ ಹದಿಹರೆಯದಲ್ಲೇ ಹುಡುಗರ ತಲೆಗೆ ಹೋಗಿದ್ದರೆ ಎಷ್ಟೋ ತಲಾಖ್ ತಪ್ಪೀತು.

ಹತ್ತಿರದ ರಕ್ತಸಂಬಂಧದ ಮದುವೆಯ ಬಗ್ಗೆಯೂ ಮಕ್ಕಳಿಗೆ ಗೊತ್ತಿರಲಿ. ಸಾಮಾನ್ಯವಾಗಿ ನೂರರಲ್ಲಿ ಎರಡು-ಮೂರು ಮಕ್ಕಳಿಗೆ ಹುಟ್ಟಿನಿಂದ ಬರುವ ಊನ ಇರುತ್ತದೆ. ಮಾವನ ಮಗಳು, ಅತ್ತೆಯ ಮಗನಂಥ ಸಂಬಂಧದಲ್ಲಿ ಅದು ಸುಮಾರು ಇಮ್ಮಡಿ. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಆದರೆ ಮನೆತನದಲ್ಲಿ ಥಲಸ್ಸೀಮಿಯದಂಥ ಕಾಯಿಲೆ ಇದ್ದರೆ ನಿಶ್ಚಯಕ್ಕೆ ಮೊದಲೇ ರಕ್ತ ಪರೀಕ್ಷೆ ಮಾಡಿಸುವುದು ಬುದ್ಧಿವಂತಿಕೆ. ಇನ್ನೊಂದು ಸಣ್ಣ ವಿಷಯ, ಫೋಲಿಕ್ ಆಮ್ಲದ ಮಾತ್ರೆ. ಮಗುವಿನ ಮೆದುಳು, ಬೆನ್ನುಹುರಿಯ ಬುನಾದಿ ಗರ್ಭ ನಿಂತು 28 ದಿನದೊಳಗೆ ಆಗಿಬಿಡುತ್ತದೆ. ಹೆಚ್ಚಿನವರಿಗೆ ಆಗ ಬಸುರಿ ಎಂದೇ ಗೊತ್ತಾಗಿರುವುದಿಲ್ಲ. ಹಾಗಾಗಿ ಮಾತ್ರೆ ಮೊದಲೇ ಶುರು ಮಾಡಬೇಕು.

ಅಂತರ ಇಡುವುದು ಅಪರಾಧವಲ್ಲ

ಮದುವೆ ಆಯಿತು, ಡಿಗ್ರಿ ಇನ್ನೂ ಒಂದು ವರ್ಷ ಉಂಟು. ಅಥವಾ ಮಡಿಲಲ್ಲಿ ಐದು ತಿಂಗಳ ಮಗು ಉಂಟು, ಗಂಡ ರಜೆಯಲ್ಲಿ ಬರುತ್ತಾನೆ. ಆಗ ಏನು ಮಾಡಬಹುದು ಎಂಬುದು ಹುಡುಗಿಗೂ ಹುಡುಗನಿಗೂ ಗೊತ್ತಿರಬೇಡವೇ? ಒಂದು ಹೆರಿಗೆ ಆಗಿ ಕನಿಷ್ಠ 24 ತಿಂಗಳು ಕಳೆದ ಮೇಲೆ ಮುಂದಿನ ಗರ್ಭಕ್ಕೆ ಪ್ರಯತ್ನಿಸುವುದು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವರ್ಷ ಹಾಲುಣಿಸುವ ಮಾತು ಕುರ್‌ಆನಿನಲ್ಲೂ ಇದೆ. 'ಹಾಲು ಕುಡಿಸುವಾಗ ಗರ್ಭ ನಿಲ್ಲೋದಿಲ್ಲ' ಎಂಬುದು ನಮ್ಮ ಉಮ್ಮಂದಿರ ನಂಬಿಕೆ. ಅದು ಸರಿಯಾಗುವುದು ಮೂರೂ ಸೇರಿದರೆ ಮಾತ್ರ: ಮಗುವಿಗೆ ಆರು ತಿಂಗಳಿನ ಒಳಗೆ ಇರಬೇಕು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು, ಮುಟ್ಟು ಮರಳಿ ಬಂದಿರಬಾರದು. ಇದರಲ್ಲಿ ಒಂದು ತಪ್ಪಿದರೂ ಮುಟ್ಟು ಕಾಣುವ ಮೊದಲೇ ಗರ್ಭ ನಿಲ್ಲಬಹುದು.

ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವುದು ಇಷ್ಟು: ನಿರೋಧ್, ದಿನಕ್ಕೊಂದು ತೆಗೆದುಕೊಳ್ಳುವ ಮಾಲಾ-ಎನ್ ಮಾತ್ರೆ, ಹಾರ್ಮೋನ್ ಇಲ್ಲದ ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಅಂತರಾ ಚುಚ್ಚುಮದ್ದು, ಐದು ಅಥವಾ ಹತ್ತು ವರ್ಷದ ಕಾಪರ್-ಟಿ. ಛಾಯಾ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಅಂತರಾ ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಕಾಪರ್-ಟಿ ತೆಗೆದರೆ ಬೇಗನೇ ಸಾಧ್ಯ. 'ಮಾತ್ರೆ ತಗೊಂಡ್ರೆ ಮತ್ತೆ ಮಕ್ಕಳೇ ಆಗೋದಿಲ್ಲ' ಎಂಬುದು ಸರಿಯಲ್ಲ. ಯಾವುದು ಯಾರಿಗೆ ಹೊಂದುತ್ತದೆ ಎಂದು ಡಾಕ್ಟರೇ ನೋಡಿ ಹೇಳಬೇಕು, ನೆರೆಮನೆಯವರಲ್ಲ.

ದೀನ್ ಒಪ್ಪುತ್ತದಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ಶಾಫಿಈ ವಿದ್ವಾಂಸರಾದ ಇಮಾಮ್ ಗಝ್ಝಾಲಿಯವರು 'ಇಹ್ಯಾ'ದಲ್ಲಿ ಗರ್ಭ ತಡೆಯುವ ಅಝ್ಲ್ ಕ್ರಮದ ಬಗ್ಗೆ ವಿವರವಾಗಿ ಬರೆದಿದ್ದಾರೆ. ಹೆರಿಗೆಯ ಅಪಾಯದಿಂದ ಹೆಂಡತಿಯನ್ನು ಕಾಪಾಡುವುದನ್ನು ಅದಕ್ಕೆ ಒಪ್ಪಬಹುದಾದ ಕಾರಣಗಳಲ್ಲಿ ಸೇರಿಸಿದ್ದಾರೆ. ತಾತ್ಕಾಲಿಕ ವಿಧಾನ ಬೇರೆ, ಕಾರಣವಿಲ್ಲದೆ ಶಾಶ್ವತವಾಗಿ ನಿಲ್ಲಿಸುವುದು ಬೇರೆ ಎಂದು ಉಲಮಾಗಳು ಬಿಡಿಸಿ ಹೇಳುತ್ತಾರೆ. ಸಂಶಯ ಇದ್ದವರು ಉಸ್ತಾದರನ್ನೇ ಕೇಳಲಿ. ಕೇಳದೆ 'ಹರಾಮ್' ಎಂದು ನಾವೇ ತೀರ್ಪು ಕೊಡುವುದು ಬೇಡ.

ಬೇಡದ ಗರ್ಭದ ವಿಷಯದಲ್ಲೂ ಕಾನೂನು ಗೊತ್ತಿರಬೇಕು. 2021ರ ತಿದ್ದುಪಡಿಯ ನಂತರ, ಕಾನೂನು ಹೇಳುವ ಕಾರಣಗಳಿದ್ದರೆ, 20 ವಾರದ ತನಕ ಒಬ್ಬ ವೈದ್ಯರ, ಕೆಲವು ವಿಶೇಷ ಸಂದರ್ಭಗಳಲ್ಲಿ 24 ವಾರದ ತನಕ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಉಂಟು. ಹದಿನೆಂಟು ದಾಟಿದವಳಿಗೆ ಅವಳ ಒಪ್ಪಿಗೆ ಒಂದೇ ಸಾಕು, ಅದಕ್ಕಿಂತ ಚಿಕ್ಕವಳಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಧರ್ಮದ ದೃಷ್ಟಿಯಲ್ಲಿ ಇದು ಗಂಭೀರ ವಿಷಯ, ಅದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ. ಆದರೆ ಒಂದರಲ್ಲಿ ಎರಡು ಮಾತಿಲ್ಲ: ಮೆಡಿಕಲ್ ಅಂಗಡಿಯಿಂದ ಗುಟ್ಟಾಗಿ ಮಾತ್ರೆ ತಂದು ಮನೆಯಲ್ಲಿ ನುಂಗುವುದು ಪ್ರಾಣಕ್ಕೆ ಅಪಾಯ. ಗರ್ಭ ನಾಳದಲ್ಲಿ ನಿಂತಿದ್ದರೆ ಆ ಮಾತ್ರೆ ಏನೂ ಮಾಡದು, ಒಳಗೆ ರಕ್ತಸ್ರಾವ ಆಗುತ್ತಾ ಹೋಗುತ್ತದೆ.

ಬಾಯಿ ಬಿಡಲಿಕ್ಕೆ ಆಗದ ಮಗು

ಇದೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದು. ಯಾರಾದರೂ ತಪ್ಪಾಗಿ ಮುಟ್ಟಿದರೆ, ಒತ್ತಾಯಿಸಿದರೆ, ಅದನ್ನು ಹೇಳಲು ಮಗುವಿಗೆ ಶಬ್ದ ಬೇಕು. ದೇಹದ ಬಗ್ಗೆ ಮನೆಯಲ್ಲಿ ಒಂದು ಶಬ್ದವೂ ಆಡದಿದ್ದರೆ ಮಗು ಏನೆಂದು ಹೇಳೀತು? ಅದು ಹೆಣ್ಣೇ ಆಗಿರಬೇಕೆಂದೂ ಇಲ್ಲ. ಪೋಕ್ಸೋ ಕಾಯ್ದೆ ಹೆಣ್ಣು ಗಂಡು ಇಬ್ಬರಿಗೂ ರಕ್ಷಣೆ ಕೊಡುತ್ತದೆ. ತೊಂದರೆಯಲ್ಲಿರುವ ಮಗುವಿಗಾಗಿ 1098ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು. ಅತ್ಯಾಚಾರ ಆಗಿದ್ದರೆ ಬೇಗ ಆಸ್ಪತ್ರೆಗೆ ಹೋಗಬೇಕು. ಗರ್ಭ ತಡೆಯುವ ತುರ್ತು ಮಾತ್ರೆ ಕೆಲಸ ಮಾಡುವುದು 72 ಗಂಟೆಯ ಒಳಗೆ, ಬೇಗ ಕೊಟ್ಟಷ್ಟು ಒಳ್ಳೆಯದು. ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಟ್ಟ ಪ್ರತಿ ದಿನವೂ ಮಗುವಿನ ದಾರಿಯನ್ನು ಕಿರಿದು ಮಾಡುತ್ತದೆ.

ಎಲ್ಲಿಂದ ಶುರು ಮಾಡುವುದು?

ದೊಡ್ಡ ಭಾಷಣ ಬೇಡ. ಅಡಿಗೆಮನೆಯಲ್ಲಿ ಒಟ್ಟಿಗೆ ಪತ್ತಿರಿ ತಟ್ಟುವಾಗ ಉಮ್ಮ ಮಗಳಲ್ಲಿ 'ಈ ತಿಂಗಳು ನೋವು ಹೇಗೆ ಉಂಟು?' ಎಂದು ಕೇಳಿದರೆ ಸಾಕು, ಬಾಗಿಲು ತೆರೆಯುತ್ತದೆ. ಬೈಕಿನಲ್ಲಿ ಹೋಗುವಾಗ ಬಾಪ ಮಗನಲ್ಲಿ ಹೇಳಬಹುದು, ಮುಖ ನೋಡಿ ಮಾತಾಡುವ ಕಷ್ಟವೂ ಇಲ್ಲ. ಬಾಪ ಗಲ್ಫಿನಲ್ಲಿದ್ದರೆ ದೊಡ್ಡಣ್ಣನೋ ಮಾವನೋ ಹೇಳಲಿ. ಉಮ್ಮನಿಗೆ ಆಗದಿದ್ದರೆ ಮನೆಯಲ್ಲಿ ನರ್ಸಿಂಗ್ ಕಲಿತ ಇತ್ತಾತ್ತ ಇದ್ದರೆ ಅವರು ಹೇಳಲಿ. ಗೊತ್ತಿಲ್ಲದ ಪ್ರಶ್ನೆ ಬಂದರೆ 'ನನಗೂ ಗೊತ್ತಿಲ್ಲ, ಡಾಕ್ಟರ ಬಳಿ ಕೇಳುವ' ಎಂದರೆ ಮಕ್ಕಳ ಕಣ್ಣಲ್ಲಿ ನಾವು ಸಣ್ಣವರಾಗುವುದಿಲ್ಲ.

ನಮ್ಮ ಜಮಾಅತ್‌ಗಳು ರಕ್ತದಾನ ಶಿಬಿರ ಮಾಡುತ್ತವೆ, ಸಾಮೂಹಿಕ ಮದುವೆ ಮಾಡಿಸುತ್ತವೆ. ನಮ್ಮ ಸಮುದಾಯದಲ್ಲಿ ಈಗ ಹೆಣ್ಣು ಡಾಕ್ಟರುಗಳು, ನರ್ಸುಗಳು, ಆಶಾ ಕಾರ್ಯಕರ್ತೆಯರು ಊರೂರಲ್ಲಿ ಇದ್ದಾರೆ. ವರ್ಷಕ್ಕೆ ಎರಡು ಸಲ ಮದ್ರಸ ಹಾಲಿನಲ್ಲಿ ಹೆಣ್ಣುಮಕ್ಕಳಿಗೆ ಮತ್ತು ಉಮ್ಮಂದಿರಿಗೆ ಒಂದು ಡಾಕ್ಟರು, ಗಂಡುಮಕ್ಕಳಿಗೆ ಇನ್ನೊಂದು ದಿನ ಇನ್ನೊಬ್ಬ ಡಾಕ್ಟರು ಬಂದು ಒಂದು ಗಂಟೆ ಮಾತಾಡಿದರೆ ಕಮಿಟಿಗೆ ಆಗುವ ಖರ್ಚು ಚಹಾ-ಬಿಸ್ಕತ್ತಿನದ್ದು ಮಾತ್ರ. ನಿಕಾಹಿನ ಕಾಗದಕ್ಕೆ ಸಹಿ ಹಾಕುವ ಮೊದಲು ಹುಡುಗ, ಹುಡುಗಿ ಇಬ್ಬರೂ ಒಮ್ಮೆ ಇಂಥ ತರಗತಿಯಲ್ಲಿ ಕುಳಿತಿರಬೇಕೆಂದು ಕಮಿಟಿ ತೀರ್ಮಾನ ಮಾಡಿದರೆ ಇನ್ನೂ ಒಳ್ಳೆಯದು. ಮುಂದಿನ ಮಹಾಸಭೆಯ ನೋಟಿಸ್ ಬಂದಾಗ ಈ ಒಂದು ವಿಷಯವನ್ನು ಅಜೆಂಡಾದಲ್ಲಿ ಸೇರಿಸಲು ಯಾರಾದರೂ ಎದ್ದು ಕೇಳುವಿರಾ?